ಕುದಿ ಬರುವ ತನಕ

ನವೋಟಾಸಿನ ನಮ್ಮ ಓಣಿಯಲ್ಲಿ
ಗೋಡೆಯೆಂದರೆ ಒಂದು ಹಾಳೆ ಪ್ಲೈವುಡ್ಡು.
ಆಚೆ ಮನೆಯವನು ಆಕಳಿಸಿದರೆ
ಈಚೆ ನಮ್ಮ ಬಾಯಿ ತೆರೆಯುತ್ತದೆ.
ಇಂಥಲ್ಲಿ ಹಂದಿ ಮಾಂಸ ತಂದದ್ದನ್ನು
ಮುಚ್ಚಿಡುವುದು ಹೇಗೆ, ಹೇಳಿ.

ಅರ್ಧ ಕಿಲೋ, ಹೊಟ್ಟೆಯ ಭಾಗ:
ತೊಗಲು, ನೆಣ, ಮಾಂಸ, ಮತ್ತೆ ನೆಣ.
ಬಂದರಿನ ಕೂಲಿ ಕೈಸೇರಿದ ರಾತ್ರಿ
ಎಲ್ಯೂತೆರಿಯೋ ಮೀನುನಾತದ ಅಂಗಿಯೊಳಗೆ
ಕಳ್ಳಮಾಲಿನಂತೆ ತಂದ.
‘ಅಡೋಬೋ ಮಾಡು’ ಅಂದ,
‘ಮೀನು ತಿಂದು ತಿಂದು
ನನ್ನ ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಿದೆ.’
ಅಂದವನೇ ರೆಪ್ಪೆ ಮುಚ್ಚಿ ಮಲಗಿದ.

ಬೆಳ್ಳುಳ್ಳಿ, ಇಡೀ ಗಡ್ಡೆ.
ಸೋಯಾ ಸಾಸು, ಬಾಟಲಿಯ ತಳದಲ್ಲಿದ್ದಷ್ಟು,
ಗಲಬರಿಸಿ ಬಗ್ಗಿಸಿದ ನೀರೂ ಸೇರಿ.
ಕಾಳುಮೆಣಸು ಹದಿನೇಳು (ಇದ್ದದ್ದೇ ಅಷ್ಟು).
ಪಲಾವೆಲೆ ಎರಡು, ಒಂದಕ್ಕೆ ಹುಳು ತಿಂದ ತೂತು.
ವಿನಿಗರ್ ಇರಲಿಲ್ಲ.

ಜೋವೆಲಿನಳನ್ನು ಕಳಿಸಿದೆ ಆಲಿಂಗ್ ಸೇಪಾಳ ಅಂಗಡಿಗೆ.
ಅವಳ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಮುನ್ನೂರ ನಲವತ್ತು ಪೆಸೊ
ಎದ್ದು ಹೋಗದ ನೆಂಟನಂತೆ
ಮೂರು ತಿಂಗಳಿಂದ ಕೂತಿದೆ.
‘ಒಂದು ಪೊಟ್ಟಣ, ಉದ್ರಿ ಅನ್ನು.
ಯಾತಕ್ಕೆ ಅಂದರೆ ಸೌತೆಕಾಯಿಗೆ ಅನ್ನು.’
ಹುಡುಗಿ ಹೋದಳು, ಬಂದಳು.
ಕೇಳಿದಳಾ? ಕೇಳಿದಳು.
ಏನಂದೆ?
‘ಸೌತೆಕಾಯಿಗೆ ಅಂದೆ.
ಹಂದಿಗೆ ಅಲ್ಲ ಅಂತಲೂ ಅಂದೆ.’

ಅಜ್ಜಿ ಹೇಳುತ್ತಿದ್ದಳು:
ವಿನಿಗರ್ ಸುರಿದ ಮೇಲೆ ಸೌಟು ಹಾಕಬೇಡ.
ಕುದಿ ಬರಲಿ, ಅದರ ಸಿಟ್ಟು ಅದೇ ಕಕ್ಕಲಿ,
ನಡುವೆ ಕದಡಿದೆಯೋ
ಹಸಿಹುಳಿ ಕೊನೆತನಕ ಬಿಡುವುದಿಲ್ಲ.
ನಿಜವೋ ಸುಳ್ಳೋ. ಅವಳಂತೂ ಅಜ್ಜನನ್ನು
ನಲವತ್ತು ವರ್ಷ ಕದಡುತ್ತಲೇ ಬದುಕಿದಳು.

ಮೊದಲ ಹಬೆ ಮೂಗಿಗೇ ಗುದ್ದಿತು.
ಕಿಟಕಿ ಮುಚ್ಚಿದೆ,
ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದೆ.
ವಾಸನೆಗೆ ನಾಚಿಕೆಯುಂಟೆ?
ಮೊಳೆತೂತಿನಲ್ಲಿ ನುಸುಳಿ,
ಚೆಂಡಾಡುವ ಹುಡುಗರ ಕತ್ತು ತಿರುಗಿಸಿ,
ನೆಟ್ಟಗೆ ಹೋಗಿ
ಸೇಪಾಳ ಅಂಗಡಿಯ ಜಾಲರಿ ತಟ್ಟಿತು.

ಚಪ್ಪಲಿ ಸದ್ದು. ಕಂಕುಳಲ್ಲಿ ಪುಸ್ತಕ.
‘ಸೌತೆಕಾಯಿ ಚೆನ್ನಾಗಿ ಬೇಯುತ್ತಿದೆ’ ಅಂದಳು.
ಆಮೇಲೆ ಎಲ್ಲ ಅಂದಳು:
ಮೂರು ತಿಂಗಳು, ಅಕ್ಕಿಯ ದರ, ಬಾತ ಕಾಲು,
ಅವಳು ಕೊಡಬೇಕಾದವರು ಅವಳ ಬಾಗಿಲಲ್ಲಿ ನಿಲ್ಲುವುದು,
ಹಂದಿಗೆ ಇರುವ ದುಡ್ಡು ತನಗೆ ಇಲ್ಲದ್ದು.
ನನ್ನ ನಾಲಿಗೆಯ ತುದಿಗೂ ಬಂದಿತ್ತು
ಅವಳ ತಕ್ಕಡಿಯ ಸುದ್ದಿ,
ತಾರೀಕು ಉಜ್ಜಿ ಅಳಿಸಿದ ಹಾಲಿನ ಡಬ್ಬಿಯ ಸುದ್ದಿ.
ಸೌಟು ಕೈಯಲ್ಲೇ ಇತ್ತು.
ಹಾಕಲಿಲ್ಲ.

ಮುಚ್ಚಳ ತಟತಟ ಅಂದಿತು.
ಒಂದು ಮಾತಿನ ನಡುವೆ ಸೇಪಾ ಮೂಗೆಳೆದಳು.
‘ಪಲಾವೆಲೆ ಎಷ್ಟು ಹಾಕಿದೆ?’
ಎರಡು.
‘ಮೂರು ಬೇಕಿತ್ತು.’
ಬಕೆಟ್ಟು ಬೋರಲು ಹಾಕಿ ಕೂತಳು.

ನೀರು ಬತ್ತಿತು, ನೆಣ ಕರಗಿತು,
ತನ್ನದೇ ಎಣ್ಣೆಯಲ್ಲಿ ಮಾಂಸ ತಾನೇ
ಚುರುಚುರು ಹುರಿದುಕೊಳ್ಳತೊಡಗಿತು.
ಎಲ್ಯೂತೆರಿಯೋ ಎದ್ದು ಬಂದ,
ಬಕೆಟ್ಟಿನ ಮೇಲಿನ ಹೆಂಗಸನ್ನು ಕಂಡು
ಹಾಗೇ ಹಿಂದೆ ಸರಿದು ಗೊರಕೆ ಶುರು ಮಾಡಿದ.

ಎರಡು ಸಲ ಅನ್ನ ಹಾಕಿಸಿಕೊಂಡಳು.
ಸೋಯಾ ಹೆಚ್ಚಾಯಿತು ಅಂದಳು,
ದೊಡ್ಡ ನೆಣದ ತುಂಡು ತೆಗೆದುಕೊಂಡಳು,
ತಳ ಹಿಡಿದ ಬೆಳ್ಳುಳ್ಳಿಯನ್ನು
ಅನ್ನದ ಉಂಡೆಯಿಂದ ಬಳಿದು
ಜೋವೆಲಿನಳ ಬಾಯಿಗಿಟ್ಟಳು.

ಹೋಗುವಾಗ ಪೆನ್ನು ಕೇಳಿದಳು.
ಮುನ್ನೂರ ನಲವತ್ತರ ಕೆಳಗೆ ಬರೆದಳು:
ವಿನಿಗರ್, ಒಂದು. ಎಂಟು ಪೆಸೊ.
ಕೂಡಿಸಲಿಲ್ಲ.
ಅವಳ ಹೆಬ್ಬೆರಳು ಒತ್ತಿದ್ದ ಕಡೆ
ಎಣ್ಣೆ ಹೀರಿ ಹಾಳೆ ತಿಳಿಯಾಗಿ,
ಹಿಂದಿನ ಪುಟದ
ಬೇರೆ ಯಾರದೋ ಸಾಲ
ತಿರುವುಮುರುವಾಗಿ ಕಂಡಿತು.